ಡಬ್ಬಿ ಬೇಡ, ಇನ್ನೊಂದು ಚಾನೆಲ್ ಕೊಡಿ

ವಾರಕ್ಕೆ ಐದು ದಿನ ಕೋಡು, ಎರಡು ದಿನ ಬ್ಯಾಂಡು ಅಂತ ಬದುಕುವ ಬೆಂಗಳೂರಿನ ಗೆಳೆಯರಿಗೆ ಒಂದು ಮಾತನ್ನ ಮೊದಲೇ ಹೇಳಿಬಿಡ್ತೀನಿ, ಆಮೇಲೆ ಜಗಳಕ್ಕೆ ಬನ್ನಿ. ರೆಕಾರ್ಡ್ ಮಾಡಿದ ಡ್ರಮ್ಸ್ ಸದ್ದನ್ನ ತೆಗೆದು ಆ ಜಾಗದಲ್ಲಿ ಸ್ಯಾಂಪಲ್ ಕೂರಿಸೋ ಕೆಲಸಕ್ಕೆ ಅಂತ ಟ್ರಿಗರ್ ಮಾಡ್ಯೂಲ್ ಕೊಳ್ಳಬೇಡಿ. ಇನ್ನೊಂದು ಇಎಂಐ ಶುರುವಾಗೋದು ನಿಮ್ಮ ಹಣೆಬರಹ, ಅದರ ಬಗ್ಗೆ ನನ್ನ ತಕರಾರಿಲ್ಲ. ಆ ಡಬ್ಬಿ ನಿಮ್ಮ ಡ್ರಮ್ಮರನ ಕೈಗೆ ಏನು ಮಾಡುತ್ತೆ ಅನ್ನೋದರ ಬಗ್ಗೆ ನನ್ನ ತಕರಾರು.

ಈ ಲೋಕದ ಪರಿಚಯ ಇಲ್ಲದವರಿಗೆ ಸ್ವಲ್ಪ ವಿವರ. ಗಿಟಾರ್ ರೆಕಾರ್ಡ್ ಮಾಡೋಕೆ ಒಂದು ವೈರು ಸಾಕು. ಹಾಡೋರಿಗೆ ಒಂದು ಮೈಕು. ಡ್ರಮ್ಸ್‌ಗೆ ಎಂಟು ಮೈಕಾದರೂ ಬೇಕು, ಮತ್ತು ಆ ಎಂಟರಲ್ಲಿ ಒಂದೊಂದಕ್ಕೂ ಉಳಿದ ಏಳರ ಗಲಾಟೆಯೂ ಕೇಳಿಸುತ್ತೆ. ಸ್ನೇರ್ ಅನ್ನೋ ಮಧ್ಯದ ಡ್ರಮ್ಮಿಗೆ ಇಟ್ಟ ಮೈಕಿಗೆ ಪಕ್ಕದ ಹೈ ಹ್ಯಾಟಿನ ಚಿಸ್ ಚಿಸ್ ಪೂರ್ತಿ ಬೀಳುತ್ತೆ. ರೂಮು ಚೆನ್ನಾಗಿದ್ದರೆ ಇದೆಲ್ಲ ಸೇರಿ ಒಂದು ಅಂದ ಬರುತ್ತೆ. ಆದರೆ ನಮ್ಮ ರೂಮುಗಳು ಎಂಥವು? ಯಾರದೋ ಮನೆಯ ಬೇಸ್‌ಮೆಂಟು, ಗೋಡೆಗೆ ಅಂಟಿಸಿದ ಮೊಟ್ಟೆ ಟ್ರೇ, ಮೇಲ್ಗಡೆ ಪಿಜಿ ಹುಡುಗರು. ಅಲ್ಲಿ ಬಾರಿಸಿದ ಸ್ನೇರ್ ಬಿಸ್ಕತ್ ಡಬ್ಬ ಬಡಿದ ಹಾಗೆ ಕೇಳುತ್ತೆ. ಅದಕ್ಕೆ ಒಂದು ಉಪಾಯ: ಪ್ರತಿಯೊಂದು ಪೆಟ್ಟು ಎಲ್ಲಿ ಬಿತ್ತು, ಎಷ್ಟು ಜೋರಾಗಿ ಬಿತ್ತು ಅಂತ ಹಿಡಿದುಕೊಂಡು, ಆ ಜಾಗದಲ್ಲಿ ಬೇರೆ ಕಡೆ ಒಳ್ಳೆಯ ಸ್ಟುಡಿಯೋದಲ್ಲಿ ರೆಕಾರ್ಡ್ ಆದ ಪೆಟ್ಟನ್ನ ನುಡಿಸೋದು. ಪೂರ್ತಿ ಬದಲಿಸಬಹುದು, ಇಲ್ಲವೇ ಅಸಲಿನ ಜೊತೆ ಹಾಲಿಗೆ ನೀರು ಬೆರೆಸಿದ ಹಾಗೆ ಬೆರೆಸಬಹುದು. (ಯಾವುದು ಹಾಲು, ಯಾವುದು ನೀರು ಅನ್ನೋದು ಬೇರೆ ಜಗಳ.)

ಇದು ಮೋಸ ಅನ್ನೋರ ಒಂದು ಗುಂಪಿದೆ. ಅವರ ಜೊತೆ ನಾನು ಹೆಚ್ಚು ಹೊತ್ತು ಕೂರೋದಿಲ್ಲ. ಸ್ಟೀಲಿ ಡ್ಯಾನ್ ಬ್ಯಾಂಡಿನ 'ಗೌಚೋ' ಆಲ್ಬಂ ಬಂದಿದ್ದು 1980ರಲ್ಲಿ. ಅದಕ್ಕಾಗಿ ರೋಜರ್ ನಿಕೋಲ್ಸ್ ಅನ್ನೋ ರೆಕಾರ್ಡಿಂಗ್ ಇಂಜಿನಿಯರ್ ತಾನೇ ಕೂತು ವೆಂಡೆಲ್ ಅನ್ನೋ ಯಂತ್ರ ಕಟ್ಟಿದ. ಡ್ರಮ್ಸ್ ಪೆಟ್ಟುಗಳನ್ನ ಡಿಜಿಟಲ್ ರೂಪದಲ್ಲಿ ಹಿಡಿದಿಟ್ಟು ಬೇಕಾದ ಜಾಗದಲ್ಲಿ ಕರಾರುವಾಕ್ಕಾಗಿ ನುಡಿಸೋ ಯಂತ್ರ. ಆ ಆಲ್ಬಮ್ಮಿನಲ್ಲಿ ಬಾರಿಸಿದವರು ಸ್ಟೀವ್ ಗ್ಯಾಡ್, ಬರ್ನಾರ್ಡ್ ಪರ್ಡಿ, ಜೆಫ್ ಪೊರ್ಕಾರೋ ಥರದವರು. ಅಂದರೆ ಬಾರಿಸೋಕೆ ಬಾರದವರ ಸಲುವಾಗಿ ಹುಟ್ಟಿದ ವಿದ್ಯೆ ಅಲ್ಲ ಇದು. 1991ರ ನಿರ್ವಾಣದ 'ನೆವರ್‌ಮೈಂಡ್' ಆಲ್ಬಮ್ಮನ್ನ ಮಿಕ್ಸ್ ಮಾಡಿದ ಆಂಡಿ ವಾಲೇಸ್ ಕೂಡ ಡೇವ್ ಗ್ರೋಲ್ ಬಡಿತದ ಜೊತೆ ಸ್ಯಾಂಪಲ್ ಬಳಸಿದವನೇ. ಗ್ರೋಲ್ ಬಾರಿಸಿಲ್ಲ ಅಂತ ಯಾರಾದರೂ ಹೇಳ್ತಾರಾ? ಹೀಗಾಗಿ ಬದಲಿಸೋದು ತಪ್ಪಾ ಸರಿಯಾ ಅನ್ನೋ ಪ್ರಶ್ನೆ ನನ್ನ ಮಟ್ಟಿಗೆ ಮುಗಿದಿದೆ. ನನ್ನ ಪ್ರಶ್ನೆ ಇಷ್ಟೇ: ಬದಲಿಸೋವಾಗ ಏನನ್ನ ಉಳಿಸಿಕೊಳ್ತೀರಿ?

ಇದಕ್ಕೆ ಉತ್ತರ ಸಿಗಬೇಕಾದರೆ ಆ ಡಬ್ಬಿಯೊಳಗೆ ಏನಾಗುತ್ತೆ ಅಂತ ನೋಡಬೇಕು. ಕೆಲಸ ಮೂರಿದೆ. ಮೊದಲನೆಯದು ಪೆಟ್ಟನ್ನ ಗ್ರಹಿಸೋದು. ಡ್ರಮ್ಮಿನ ಅಂಚಿಗೆ ಒಂದು ಸೆನ್ಸರ್ ಕಚ್ಚಿಸಿರ್ತಾರೆ, ಅದಕ್ಕೇ ಟ್ರಿಗರ್ ಅನ್ನೋದು. ಅದರೊಳಗೆ ಇರೋದು ಪೀಜೋ: ಒಂದು ಹಿತ್ತಾಳೆ ಬಿಲ್ಲೆ, ಅದರ ಮೇಲೆ ಬಿಳಿ ಸೆರಾಮಿಕ್ ಪದರ. ಅದನ್ನ ಅದುಮಿದರೆ, ನಡುಗಿಸಿದರೆ ವಿದ್ಯುತ್ ಹುಟ್ಟುತ್ತೆ. ನಿಮ್ಮ ಅಡುಗೆಮನೆಯ ಗ್ಯಾಸ್ ಲೈಟರ್ ಟಕ್ ಅಂದಾಗ ಕಿಡಿ ಹಾರೋದೂ ಇದೇ ಗುಣದಿಂದ. ಈ ಬಿಲ್ಲೆ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಒಂದು ಮಸಾಲೆ ದೋಸೆಯ ದುಡ್ಡಿಗಿಂತ ಕಡಿಮೆಗೆ ಸಿಗುತ್ತೆ. ಗಾಳಿಯಲ್ಲಿ ಬರೋ ಸದ್ದಿಗೆ ಇದು ಹೆಚ್ಚುಕಡಿಮೆ ಕಿವುಡು, ಮೈಗೆ ತಾಗಿದ ನಡುಕಕ್ಕೆ ಮಾತ್ರ ಎಚ್ಚರ. ಹಾಗಾಗಿ ಮೈಕಿಗೆ ಕಾಡೋ ಹೈ ಹ್ಯಾಟಿನ ಗಲಾಟೆ ಇದಕ್ಕೆ ಅಷ್ಟಾಗಿ ತಟ್ಟೋದಿಲ್ಲ. ಈ ಇಡೀ ವ್ಯವಹಾರದಲ್ಲಿ ಚಿನ್ನದಂಥ ಸಾಮಾನು ಅಂದ್ರೆ ಇದೊಂದೇ, ಮತ್ತು ಇದೇ ಎಲ್ಲದಕ್ಕಿಂತ ಅಗ್ಗ.

ಎರಡನೆಯದು ತೀರ್ಮಾನ. ಸೆನ್ಸರಿಂದ ಬಂದ ಅಲೆ ಪೆಟ್ಟಾ, ಪಕ್ಕದ ಟಾಮ್ ಬಾರಿಸಿದಾಗ ಸ್ಟ್ಯಾಂಡು ನಡುಗಿದ್ದಾ? ಒಂದು ಪೆಟ್ಟಾ, ಎರಡಾ? ಎಷ್ಟು ಜೋರು? ಮೂರನೆಯದು ಸದ್ದು: ತೀರ್ಮಾನ ಆದ ಮೇಲೆ ಯಾವ ಸ್ಯಾಂಪಲ್ ನುಡಿಸಬೇಕು ಅನ್ನೋದು. ಅಂಗಡಿಯಲ್ಲಿ ಮಾಡ್ಯೂಲ್ ಅಂತ ನೀವು ದುಡ್ಡು ಸುರಿಯೋದು ಈ ಎರಡು ಮತ್ತು ಮೂರಕ್ಕೆ. ಆ ಡಬ್ಬಿ ಈ ಎರಡೂ ಕೆಲಸವನ್ನ ಕೆಲವೇ ಮಿಲಿಸೆಕೆಂಡಿನಲ್ಲಿ ಮುಗಿಸಬೇಕು. ಅದರ ಬೆಲೆ ಇರೋದೇ ಆ ಅವಸರಕ್ಕೆ. ವೇದಿಕೆ ಮೇಲೆ ಆ ಅವಸರ ಬೇಕೇ ಬೇಕು. ಆದರೆ ರೆಕಾರ್ಡಿಂಗಿನಲ್ಲಿ ಎಂತದ್ದು ಮಾರಾಯ್ರೆ ಅವಸರ? ಶನಿವಾರ ಬಾರಿಸಿದ ಪೆಟ್ಟಿಗೆ ಯಾವ ಸ್ಯಾಂಪಲ್ ಅಂತ ಮುಂದಿನ ಗುರುವಾರ ರಾತ್ರಿ ಕೂತು ತೀರ್ಮಾನ ಮಾಡಬಹುದಲ್ಲ.

ಅವಸರದ ತೀರ್ಮಾನದಿಂದ ಏನಾಗುತ್ತೆ ಅಂತ ಒಂದು ಉದಾಹರಣೆ. ನನ್ನ ಗೆಳೆಯರ ಬ್ಯಾಂಡೊಂದು ಮೂರು ಹಾಡು ರೆಕಾರ್ಡ್ ಮಾಡಿತು. ನಾಲ್ವರಲ್ಲಿ ಮೂವರು ನನ್ನ ಹಾಗೇ ಬಿಇ ಮುಗಿಸಿ ಐಟಿ ಕಂಪನಿಯಲ್ಲಿರೋರು. ಡ್ರಮ್ಮರ್ ಮಾತ್ರ ಬೇರೆ; ಮನೆಮನೆಗೆ ಹೋಗಿ ಮಕ್ಕಳಿಗೆ ಡ್ರಮ್ಸ್ ಹೇಳಿಕೊಟ್ಟು, ಗಂಟೆ ಲೆಕ್ಕದಲ್ಲಿ ಸಂಬಳ ತಗೊಳ್ಳೋನು. ಉಳಿದ ಮೂವರಿಗೆ ಈ ರೆಕಾರ್ಡಿಂಗ್ ಅಂದ್ರೆ ಖುಷಿ. ಅವನಿಗೆ ಅದು ಬಯೋಡಾಟಾ. ಯಾರಾದರೂ ಸಿನಿಮಾ ಸೆಷನ್ನಿಗೆ, ಕಾರ್ಪೊರೇಟ್ ಶೋಗೆ ಕರೆಯಬೇಕಾದರೆ ಮೊದಲು ಕೇಳೋದೇ "ಏನಾದ್ರೂ ಬಾರಿಸಿದ್ದು ಇದ್ರೆ ಕಳಿಸಿ" ಅಂತ. ಮೂವರು ಇಂಜಿನಿಯರುಗಳು ಸೇರಿ ಹೊಸ ಮಾಡ್ಯೂಲ್ ತಂದಿದ್ದರು. ಸ್ಟುಡಿಯೋದವನು ಹೆಸರು ಬೇಡ, ಇನ್‌ಪುಟ್ ಕಡಿಮೆ ಇದೆ ಅಂತ ಕಿಕ್ ಮತ್ತು ಸ್ನೇರಿಗೆ ಮೈಕೇ ಇಡದೆ, ಮಾಡ್ಯೂಲಿಂದ ಹೊರಬಂದ ಸದ್ದನ್ನ ನೇರ ರೆಕಾರ್ಡ್ ಮಾಡಿಕೊಂಡ. ಹೈ ಹ್ಯಾಟ್ ಹೊಡೆದರೂ ಸ್ನೇರ್ ನುಡೀತಿದೆ ಅಂತ ಥ್ರೆಶೋಲ್ಡ್ ಮೇಲೇರಿಸಿದ. ಕೇಳೋಕೆ ನನ್ನನ್ನೂ ಕರೆದಿದ್ದರು. ಗಿಟಾರಿಸ್ಟ್ "ಗುರು, ಎಷ್ಟು ಟೈಟ್ ಆಗಿದೆ ನೋಡು" ಅಂತ ಕುಣೀತಿದ್ದ. ಡ್ರಮ್ಮರ್ ಎರಡು ಸಲ ಕೇಳಿ, ಹೆಡ್‌ಫೋನ್ ತೆಗೆದು, "ಮಗಾ, ನನ್ನ ಎಡಗೈ ಎಲ್ಲಿ ಹೋಯ್ತು?" ಅಂದ.

ಅವನ ಪ್ರಶ್ನೆ ತಮಾಷೆಯದಲ್ಲ. ಒಳ್ಳೆಯ ಡ್ರಮ್ಮರನ ಎಡಗೈ ದೊಡ್ಡ ಪೆಟ್ಟುಗಳ ನಡುವೆ ಸ್ನೇರ್ ಮೇಲೆ ಸಣ್ಣ ಸಣ್ಣ ಪೆಟ್ಟು ಉದುರಿಸ್ತಾ ಇರುತ್ತೆ, ಅಂಗಳಕ್ಕೆ ತುಂತುರು ಬಿದ್ದ ಹಾಗೆ. ಅದಕ್ಕೆ ಘೋಸ್ಟ್ ನೋಟ್ ಅಂತಾರೆ. ಬಿಡಿಯಾಗಿ ಕಿವಿಗೆ ಬೀಳೋದಿಲ್ಲ, ತೆಗೆದರೆ ಮಾತ್ರ ಹಾಡು ಕುಂಟುತ್ತೆ. ಬರ್ನಾರ್ಡ್ ಪರ್ಡಿಯ ಹೆಸರು ನಿಂತಿರೋದೇ ಈ ಸಣ್ಣ ಪೆಟ್ಟುಗಳ ಮೇಲೆ. ಈಗ ಡಬ್ಬಿಯ ಕಷ್ಟ ನೋಡಿ. ಥ್ರೆಶೋಲ್ಡ್ ಅನ್ನೋದು ಒಂದು ಹೊಸ್ತಿಲು. ಅದಕ್ಕಿಂತ ಮೇಲಿನ ಅಲೆ ಪೆಟ್ಟು, ಕೆಳಗಿನದು ಕಸ. ಹೊಸ್ತಿಲು ತಗ್ಗಿಸಿದರೆ ಪಕ್ಕದ ನಡುಕವೆಲ್ಲ ಒಳಗೆ ಬರುತ್ತೆ. ಎತ್ತರಿಸಿದರೆ ಎಡಗೈ ಹೊರಗುಳಿಯುತ್ತೆ. ಎರಡರ ನಡುವಿನ ಹದ ಹಾಡಿನಿಂದ ಹಾಡಿಗೆ ಬೇರೆ, ಒಂದೇ ಹಾಡಿನ ಚರಣಕ್ಕೂ ಪಲ್ಲವಿಗೂ ಬೇರೆ. ಸೌಂಡ್ ಚೆಕ್ ಹೊತ್ತಿಗೆ ಒಂದು ಸಲ ಗುಂಡಿ ತಿರುಗಿಸಿ, ಅದೇ ಹೊಸ್ತಿಲಲ್ಲಿ ಇಡೀ ದಿನ ರೆಕಾರ್ಡ್ ಮಾಡಿದರೆ ಹೊರಗುಳಿದ ಪೆಟ್ಟು ಎಲ್ಲೂ ಇಲ್ಲ. ಫೈಲಿನಲ್ಲೂ ಇಲ್ಲ. ಅದು ನಡೆದೇ ಇಲ್ಲ.

ಇನ್ನೊಂದು ಗುಂಡಿ ಇದೆ. ಬ್ರ್ಯಾಂಡಿಗೊಂದು ಹೆಸರು: ಮಾಸ್ಕ್ ಟೈಮ್, ರೀಟ್ರಿಗರ್. ಚರ್ಮ ಒಂದು ಸಲ ಬಡಿದ ಮೇಲೂ ನಡುಗ್ತಾ ಇರುತ್ತಲ್ಲ, ಅದನ್ನ ಎರಡನೇ ಪೆಟ್ಟು ಅಂತ ಡಬ್ಬಿ ತಪ್ಪು ತಿಳಿಯಬಾರದು ಅಂತ, ಒಂದು ಪೆಟ್ಟಾದ ಮೇಲೆ ಇಂತಿಷ್ಟು ಹೊತ್ತು ಕಣ್ಣು ಮುಚ್ಕೋ ಅಂತ ಹೇಳೋ ಗುಂಡಿ ಇದು. ಲೆಕ್ಕ ಹಾಕಿ. ಮೆಟಲ್ ಹಾಡು, ನಿಮಿಷಕ್ಕೆ 220 ಬೀಟ್, ಬೀಟಿಗೆ ನಾಲ್ಕರಂತೆ ಎರಡೂ ಕಾಲಲ್ಲಿ ಕಿಕ್. ಪೆಟ್ಟಿನಿಂದ ಪೆಟ್ಟಿಗೆ ಅಂತರ ಸುಮಾರು 68 ಮಿಲಿಸೆಕೆಂಡ್. ನಿಧಾನದ ಹಾಡಿಗೆ ಅಂತ 80ಕ್ಕೆ ಇಟ್ಟ ಗುಂಡಿ ಹಾಗೇ ಉಳಿದಿದ್ದರೆ ಎರಡರಲ್ಲಿ ಒಂದು ಪೆಟ್ಟು ಮಾಯ. ಎರಡು ಕಾಲು ಒಂದಾಯ್ತು! ಸ್ನೇರ್ ಮೇಲೆ ಎರಡು ಕಡ್ಡಿ ಒಂದರ ಬೆನ್ನಿಗೊಂದು ಬೀಳೋ ಫ್ಲ್ಯಾಮ್ ಅಂತೂ ಇನ್ನೂ ಹತ್ತಿರದ ಅಂತರ, ಅದು ಎಷ್ಟೋ ಸಲ ಒಂದೇ ಪೆಟ್ಟಾಗಿ ಹೊರಬರುತ್ತೆ. ಡಬ್ಬಿ ಕೆಟ್ಟದ್ದು ಅಂತಲ್ಲ. ಮುಂದೆ ಏನು ಬರುತ್ತೆ ಅಂತ ಅದಕ್ಕೆ ಗೊತ್ತಿಲ್ಲ, ಅಷ್ಟೆ. ರೆಕಾರ್ಡ್ ಆದ ಟ್ರ್ಯಾಕನ್ನ ನೋಡ್ತಾ ಕೂತ ನಿಮಗೆ ಹಿಂದಿನದೂ ಗೊತ್ತು, ಮುಂದಿನದೂ ಗೊತ್ತು.

ಮೂರನೇ ಹಾನಿ ಕಿವಿಗೆ ಬೇಗ ತಿಳಿಯದ್ದು. ಮಾಡ್ಯೂಲ್ ಪೆಟ್ಟನ್ನ ಅರಿತು ಸದ್ದು ಹೊರಡಿಸೋ ಹೊತ್ತಿಗೆ ಕೆಲವು ಮಿಲಿಸೆಕೆಂಡ್ ತಡವಾಗಿರುತ್ತೆ. ಬಾರಿಸೋನಿಗೆ ಅದು ದೊಡ್ಡದಲ್ಲ. ಸದ್ದು ಗಾಳಿಯಲ್ಲಿ ಒಂದು ಮೀಟರ್ ದಾಟೋಕೇ ಸುಮಾರು 3 ಮಿಲಿಸೆಕೆಂಡ್ ಬೇಕು. ಆದರೆ ಅದೇ ಸದ್ದನ್ನ ಕಿಕ್ ಮೈಕಿನ ಸದ್ದಿನ ಜೊತೆ ಬೆರೆಸಿದಾಗ ನೋಡಿ. ಕಿಕ್ಕಿನ ಗುಡುಗು ಇರೋದು 60 ಹರ್ಟ್ಜ್ ಆಸುಪಾಸು ಅಂದ್ಕೊಳ್ಳಿ. ಒಂದು ಅಲೆ ಮುಗಿಯೋಕೆ 16.7 ಮಿಲಿಸೆಕೆಂಡ್. ಸ್ಯಾಂಪಲ್ ಅದರ ಅರ್ಧದಷ್ಟು, ಅಂದರೆ 8 ಮಿಲಿಸೆಕೆಂಡ್ ಚಿಲ್ಲರೆ ತಡವಾಗಿ ಬಂತೋ, ಒಂದು ಅಲೆ ಮೇಲೇರುವಾಗ ಇನ್ನೊಂದು ಕೆಳಗಿಳಿಯುತ್ತೆ. ಎರಡೂ ಸೇರಿ ಗುಡುಗು ಜಾಸ್ತಿ ಆಗಬೇಕಿತ್ತು, ಬದಲಿಗೆ ಸೋರಿ ಹೋಗುತ್ತೆ. ಆಮೇಲೆ "ಕಿಕ್ಕಿಗೆ ದಮ್ಮೇ ಇಲ್ಲ" ಅಂತ ಇನ್ನೊಂದು ಪ್ಲಗಿನ್ ಹುಡುಕೋದು. ಸಾಫ್ಟ್‌ವೇರಿನಲ್ಲಾದರೆ ಸ್ಯಾಂಪಲ್ಲನ್ನ ಅಷ್ಟೇ ಹಿಂದಕ್ಕೆ ಎಳೆದು ಅಲೆಯ ಮೇಲೆ ಅಲೆ ಕೂರಿಸಬಹುದು, ಎರಡು ನಿಮಿಷದ ಕೆಲಸ.

ನಮ್ಮ ಕಸುಬಿನ ಭಾಷೆಯಲ್ಲೇ ಹೇಳ್ತೀನಿ. ರಾತ್ರಿ ಎರಡು ಗಂಟೆಗೆ ಸರ್ವರ್ ಬಿದ್ದಿದೆ. ಕಾರಣ ಹುಡುಕಬೇಕು. ನಿಮ್ಮ ಹತ್ರ ಲಾಗ್ ಇಲ್ಲ, ಡ್ಯಾಶ್‌ಬೋರ್ಡಿನ ಒಂದು ಸ್ಕ್ರೀನ್‌ಶಾಟ್ ಇದೆ. ಹೇಗಿರುತ್ತೆ? ಮಾಡ್ಯೂಲಿನ ಸದ್ದು ಮಾತ್ರ ರೆಕಾರ್ಡ್ ಮಾಡಿಕೊಳ್ಳೋದು ಅಂದ್ರೆ ಅದೇ. ಮಾಡ್ಯೂಲಿಂದ ಮಿಡಿ ತಗೊಂಡರೆ ಸ್ವಲ್ಪ ವಾಸಿ, ಸ್ಯಾಂಪಲ್ ಆಮೇಲೆ ಬದಲಿಸಬಹುದು. ಆದರೆ ಮಿಡಿ ಕೂಡ ತೀರ್ಮಾನ ಆದ ಮೇಲಿನ ವರದಿ. ಪೆಟ್ಟಿನ ಜೋರು 1ರಿಂದ 127ರ ತನಕದ ಒಂದು ಅಂಕಿ, ಡಬ್ಬಿ ಹೇಳಿದ ಅಂಕಿ. ಹೊಸ್ತಿಲ ಕೆಳಗೆ ಬಿದ್ದದ್ದು ಅದರಲ್ಲೂ ಇಲ್ಲ. ದಿನವಿಡೀ ಆಫೀಸಿನಲ್ಲಿ ಜೂನಿಯರುಗಳಿಗೆ "ಕಚ್ಚಾ ಡೇಟಾ ಮುಟ್ಟಬೇಡ್ರೋ, ಕಾಪಿ ಮೇಲೆ ಆಟ ಆಡಿ" ಅಂತ ಪಾಠ ಮಾಡೋ ನಾವು, ಶನಿವಾರ ಸ್ಟುಡಿಯೋಗೆ ಕಾಲಿಟ್ಟ ಕೂಡಲೇ ಅದನ್ನ ಮರೆಯೋದು ಯಾಕೆ? ಯಾಕಂದ್ರೆ ಡಬ್ಬಿಗೆ ಡಿಸ್‌ಪ್ಲೇ ಇದೆ, ಲೈಟು ಮಿನುಗುತ್ತೆ, ಫೋಟೋ ತೆಗೆದು ಹಾಕಿದರೆ ಲೈಕ್ ಬರುತ್ತೆ. ಹಿತ್ತಾಳೆ ಬಿಲ್ಲೆಗೆ ಯಾರು ಲೈಕ್ ಕೊಡ್ತಾರೆ?

ಹಾಗಾದರೆ ಏನು ಕೊಳ್ಳಬೇಕು? ಅಂಗಡಿಯವನು ಹೇಳೋ ಕ್ರಮವನ್ನ ತಲೆಕೆಳಗು ಮಾಡಿ.

ಮೊದಲು ಚರ್ಮ. ಅಂದರೆ ಡ್ರಮ್ ಹೆಡ್. ನಾನು ಸಾಗರದ ಕಡೆಯ ಹಳ್ಳಿಯವನು. ಊರಲ್ಲಿ ಡೊಳ್ಳಿನವರು ಮಳೆಗಾಲದಲ್ಲಿ ಕುಣಿತಕ್ಕೆ ಮುಂಚೆ ಚರ್ಮಕ್ಕೆ ಬಿಸಿ ತೋರಿಸಿ, ಹಗ್ಗ ಬಿಗಿದು, ಬೆರಳಲ್ಲಿ ತಟ್ಟಿ ನೋಡದೆ ಹೆಗಲಿಗೆ ಏರಿಸಿದ್ದನ್ನ ನಾನಂತೂ ಕಂಡಿಲ್ಲ. ಬೆಂಗಳೂರಿನ ಜ್ಯಾಮ್ ರೂಮುಗಳ ಸ್ನೇರ್ ನೋಡಿ, ಮಧ್ಯದಲ್ಲಿ ಗುಳಿ ಬಿದ್ದು, ಎಷ್ಟೋ ತಿಂಗಳಿಂದ ಟ್ಯೂನಿಂಗ್ ಕೀ ಮುಖ ಕಾಣದೆ ಕೂತಿರುತ್ತೆ. ಅದರ ಸದ್ದು ಸರಿಯಿಲ್ಲ ಅಂತ ಕಂಪ್ಯೂಟರಿನಲ್ಲಿ ಸದ್ದು ಬದಲಿಸೋಕೆ ಹೊರಡ್ತೀವಿ. ಹೊಸ ಹೆಡ್ ಹಾಕಿ ಅರ್ಧ ಗಂಟೆ ಕೂತು ಶ್ರುತಿ ಮಾಡಿದರೆ ಬದಲಿಸೋ ಯೋಚನೆಯೇ ಅರ್ಧ ಕರಗುತ್ತೆ. ಆ ಹೆಡ್‌ನ ದುಡ್ಡನ್ನ ಬ್ಯಾಂಡಿನ ಖಾತೆಯಿಂದ ಕೊಡಿ. ಗಿಟಾರಿಸ್ಟಿನ ಪೆಡಲ್ಲಿಗೆ ಎಲ್ಲರೂ ಚಂದಾ ಹಾಕೋದು, ಡ್ರಮ್ಮರ್ ಮಾತ್ರ ತನ್ನ ಕಡ್ಡಿ, ತನ್ನ ಹೆಡ್ಡು ತಾನೇ ಕೊಳ್ಳೋದು, ಇದು ಯಾವ ನ್ಯಾಯ?

ಆಮೇಲೆ ಸೆನ್ಸರ್. ಎಸ್‌ಪಿ ರೋಡಿನ ಬಿಲ್ಲೆಗೆ ವೈರು ಬೆಸೆದು, ಫೋಮ್ ಇಟ್ಟು, ಡ್ರಮ್ಮಿನ ಮೈಗೆ ಟೇಪು ಹಾಕಿ ಅಂಟಿಸಿದರೂ ಒಂದು ದಿನದ ರೆಕಾರ್ಡಿಂಗಿಗೆ ನಡೆಯುತ್ತೆ. ಆದರೆ ಬೆಸುಗೆ ಬಿಡೋದು ಖಾತ್ರಿ, ಅದೂ ಒಳ್ಳೆಯ ಟೇಕ್ ಮಧ್ಯದಲ್ಲೇ. ದುಡ್ಡಿದ್ದರೆ ಅಂಚಿಗೆ ಕಚ್ಚೋ ರೆಡಿ ಟ್ರಿಗರ್ ತಗೊಳ್ಳಿ; ರೋಲ್ಯಾಂಡಿನ ಆರ್‌ಟಿ-30 ಸರಣಿ, ಡಿಡ್ರಮ್‌ನ ರೆಡ್ ಶಾಟ್ ಥರದವು. ಕಿಕ್ಕಿಗೊಂದು, ಸ್ನೇರಿಗೊಂದು, ಎರಡು ಸಾಕು. ಟಾಮ್‌ಗಳ ಪೆಟ್ಟು ಹಾಡಿಗೆ ಹತ್ತಿಪ್ಪತ್ತು ಇದ್ದರೆ ಹೆಚ್ಚು; ಅವನ್ನ ಕೈಯಲ್ಲೇ ಗುರುತು ಹಾಕಬಹುದು, ಯಾರೂ ಸಾಯೋದಿಲ್ಲ.

ಈ ಸೆನ್ಸರಿನ ವೈರನ್ನ ಮಾಡ್ಯೂಲಿಗೆ ಚುಚ್ಚದೆ, ನೇರ ಆಡಿಯೋ ಇಂಟರ್‌ಫೇಸಿನ ಗಿಟಾರ್ ಇನ್‌ಪುಟ್ಟಿಗೆ ಅಥವಾ ಒಂದು ಡಿಐ ಬಾಕ್ಸ್ ಮೂಲಕ ಕೊಡಿ. ಕೇಬಲ್ ಗಿಡ್ಡ ಇರಲಿ, ಇಲ್ಲದಿದ್ದರೆ ಹಮ್ಮು ಸೇರುತ್ತೆ. ಗೇನ್ ಮಾತ್ರ ಎಚ್ಚರ. ಪೀಜೋದಿಂದ ಬರೋ ಪೆಟ್ಟು ಚೂಪು, ಅತಿ ಜೋರಾದ ರಿಮ್‌ಶಾಟ್ ಹೊಡೆಸಿ ನೋಡಿ, ಆಗಲೂ ಕ್ಲಿಪ್ ಆಗದ ಹಾಗೆ ಇಡಿ. ಕ್ಲಿಪ್ ಆಯ್ತು ಅಂದ್ರೆ ಜೋರು ಪೆಟ್ಟುಗಳೆಲ್ಲ ಒಂದೇ ಎತ್ತರ, ಯಾವುದು ಎಷ್ಟು ಜೋರು ಅನ್ನೋ ಮಾಹಿತಿ ಅಲ್ಲೇ ಸತ್ತಿತು. ಹೀಗೆ ರೆಕಾರ್ಡ್ ಆದ ಟ್ರ್ಯಾಕ್ ಕೇಳೋಕೆ ಅಸಹ್ಯ, ಬರೀ ಟಿಕ್ ಟಿಕ್. ಅದನ್ನ ಯಾರೂ ಕೇಳಬೇಕಾಗಿಲ್ಲ, ಅದು ನಿಮ್ಮ ಲಾಗ್. ಅದರಲ್ಲಿ ಎಡಗೈಯ ತುಂತುರು ಸಿಂಬಲ್ ಸದ್ದಿನಡಿ ಹೂತುಹೋಗದೆ, ಚಿಕ್ಕ ಚಿಕ್ಕ ಮುಳ್ಳುಗಳ ಹಾಗೆ ಪರದೆ ಮೇಲೆ ಕಾಣುತ್ತೆ. ಸ್ಲೇಟ್ ಡಿಜಿಟಲ್‌ನವರ ಟ್ರಿಗರ್, ಡ್ರಮಾಗಾಗ್ ಥರದ ಸಾಫ್ಟ್‌ವೇರಿಗೆ ಮೈಕಿನ ಟ್ರ್ಯಾಕ್ ಬದಲು ಇದನ್ನ ತಿನ್ನಿಸಿ. ಲಾಜಿಕ್, ಕ್ಯೂಬೇಸ್ ಇದ್ದೋರಿಗೆ ಪೆಟ್ಟನ್ನ ಮಿಡಿ ಮಾಡೋ ಸೌಲಭ್ಯ ಒಳಗೇ ಇದೆ. ತಪ್ಪು ಹಿಡಿದರೆ ಹೊಸ್ತಿಲು ಬದಲಿಸಿ ಮತ್ತೆ ಓಡಿಸಿ. ನೂರು ಸಲ ಓಡಿಸಿ. ಡ್ರಮ್ಮರನ್ನ ಮತ್ತೆ ಕರೆಸೋ ಹಾಗಿಲ್ಲ.

"ಅದಕ್ಕೆ ಇನ್‌ಪುಟ್ ಎಲ್ಲಿದೆ?" ಅಂತ ಕೇಳ್ತೀರಿ. ನಿಜವಾದ ಪ್ರಶ್ನೆ ಇದೇ, ಮತ್ತು ದುಡ್ಡು ಹಾಕಬೇಕಾದ ಜಾಗವೂ ಇದೇ. ಮನೆ ಸ್ಟುಡಿಯೋದ ದೊಡ್ಡ ಇಂಟರ್‌ಫೇಸ್ ಅಂದ್ರೆ ಎಂಟು ಮೈಕ್. ಕಿಕ್ ಒಂದು, ಸ್ನೇರ್ ಮೇಲೆ ಕೆಳಗೆ ಎರಡು, ಟಾಮ್ ಮೂರು, ನೆತ್ತಿ ಮೇಲೆ ಎರಡು. ಎಂಟೂ ಮುಗೀತು. ಮಾಡ್ಯೂಲಿಗೆ ಇಟ್ಟ ದುಡ್ಡಲ್ಲಿ ಅಡಾಟ್ ಆಪ್ಟಿಕಲ್ ಇನ್‌ಪುಟ್ ಇರೋ ಇಂಟರ್‌ಫೇಸ್ ನೋಡಿ; ಒಂದು ತೆಳ್ಳನೆಯ ಆಪ್ಟಿಕಲ್ ಕೇಬಲಲ್ಲಿ 48 ಕಿಲೋಹರ್ಟ್ಜ್ ತನಕ ಎಂಟು ಚಾನೆಲ್ ಹೆಚ್ಚಿಗೆ ಬರುತ್ತೆ. ಎಂಟು ಚಾನೆಲ್ಲಿನ ಪ್ರೀಆಂಪನ್ನ ಒಂದು ದಿನದ ಮಟ್ಟಿಗೆ ಗೆಳೆಯರ ಹತ್ರ ಎರವಲು ತರಬಹುದು. ಅದೂ ಆಗದಿದ್ದರೆ ಸ್ನೇರಿನ ಕೆಳಗಿನ ಮೈಕು ತೆಗೆಯಿರಿ, ಎರಡು ಟಾಮ್‌ಗೆ ಒಂದೇ ಮೈಕು ಹಂಚಿ. ಸ್ನೇರ್ ಮೇಲಿನ ಮೈಕನ್ನ ಮಾತ್ರ ಯಾವ ಕಾರಣಕ್ಕೂ ತೆಗೀಬೇಡಿ. ಅದು ಅಸಲು.

ಇನ್ನು ಸ್ಯಾಂಪಲ್. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ, ಆದರೂ ಯಾರೂ ಮಾಡೋದಿಲ್ಲ. ರೆಕಾರ್ಡಿಂಗ್ ಮುಗಿದ ಮೇಲೆ ಮೈಕ್ ಬಿಚ್ಚೋ ಮುಂಚೆ ಹತ್ತು ನಿಮಿಷ ಎಲ್ಲರೂ ಬಾಯಿ ಮುಚ್ಕೊಂಡು ನಿಲ್ಲಿ. ಡ್ರಮ್ಮರ್ ಕಿಕ್ ಒಂದೊಂದೇ ಹೊಡೀಲಿ, ಸದ್ದು ಪೂರ್ತಿ ಸಾಯೋ ತನಕ ಬಿಡಿ. ಮೆಲ್ಲಗೆ ನಾಲ್ಕಾರು, ಮಧ್ಯಮ ನಾಲ್ಕಾರು, ಜೋರಾಗಿ ನಾಲ್ಕಾರು. ಸ್ನೇರ್, ಟಾಮ್ ಹಾಗೇ. ಹೈ ಹ್ಯಾಟಿನ ಗಲಾಟೆ ಇಲ್ಲದ, ಅವನದೇ ಡ್ರಮ್ಮಿನ, ಅವನದೇ ಕೈಯ ಶುದ್ಧ ಪೆಟ್ಟು ನಿಮ್ಮ ಹತ್ರ ಇದೆ ಈಗ. ಬದಲಿಸಬೇಕು ಅನ್ನಿಸಿದ ಕಡೆ ಮೊದಲು ಇದನ್ನ ಹಾಕಿ ನೋಡಿ. ಒಂದೇ ಜೋರಿಗೆ ನಾಲ್ಕು ಬೇರೆ ಬೇರೆ ಪೆಟ್ಟು ಇರೋದರಿಂದ ಒಂದೇ ಸ್ಯಾಂಪಲ್ ತಟತಟ ಅಂತ ಮಷಿನ್ ಗನ್ ಥರ ಕೇಳೋ ಕಾಟವೂ ತಪ್ಪುತ್ತೆ. ಇಷ್ಟಾದ ಮೇಲೂ ಕಿಕ್ಕಿಗೆ ಎದೆಗೆ ಗುದ್ದೋ ಬಲ ಬೇಕು ಅಂದ್ರೆ ಅಮೆರಿಕದ ಯಾವುದೋ ಸ್ಟುಡಿಯೋದ ಸ್ಯಾಂಪಲ್ ಸ್ವಲ್ಪ ಬೆರೆಸಿ. ಆದರೆ ನಮ್ಮೂರಿನ ನಾಲ್ಕು ಬ್ಯಾಂಡಿನ ಸ್ನೇರೂ ಒಂದೇ ಲೈಬ್ರರಿಯಿಂದ ಬಂದು, ಯಾರು ಯಾರು ಅಂತಲೇ ತಿಳಿಯದ ಹಾಗೆ ಮಾಡಬೇಡಿ.

ಮಾಡ್ಯೂಲ್ ಯಾರಿಗೂ ಬೇಡವಾ ಹಾಗಾದರೆ? ಬೇಕು, ವೇದಿಕೆಗೆ. ಕಾಲೇಜು ಫೆಸ್ಟಿನಲ್ಲಿ ಮೊದಲ ಸಲ ನೋಡಿದ ಡ್ರಮ್ ಕಿಟ್ಟು, ಹತ್ತು ನಿಮಿಷದ ಸೌಂಡ್ ಚೆಕ್ಕು, ಎರಡೂ ಕಾಲಲ್ಲಿ ಓಡೋ ಕಿಕ್ಕು. ಅಲ್ಲಿ ಮೈಕಿನಲ್ಲಿ ಗಜಿಬಿಜಿ ಬಿಟ್ಟರೆ ಏನೂ ಕೇಳೋದಿಲ್ಲ, ಲ್ಯಾಪ್‌ಟಾಪ್ ಹ್ಯಾಂಗ್ ಆದರೆ ಮಾನ ಹೋಯ್ತು. 1991ರ ಅಲೆಸಿಸ್ ಡಿ4, ಅದರ ತಮ್ಮ ಡಿಎಂ5 ಈಗಲೂ ಮೆಟಲ್ ಡ್ರಮ್ಮರುಗಳ ರ್‍ಯಾಕಿನಲ್ಲಿ ಕೂತಿರೋದು ಇದಕ್ಕೇ. 12 ಟ್ರಿಗರ್ ಇನ್‌ಪುಟ್, ಗಟ್ಟಿ ಮೈ. ನಿಮ್ಮ ಸ್ಯಾಂಪಲ್ ಹಾಕೋಕೆ ಬರೋದಿಲ್ಲ, ಒಳಗಿದ್ದ ಸದ್ದೇ ಗತಿ. ಸ್ವಂತ ಸ್ಯಾಂಪಲ್ ಬೇಕಿದ್ದರೆ ರೋಲ್ಯಾಂಡ್ ಟಿಎಂ-2 ಸಾಕು. ಅಂಗೈಗಿಂತ ಸ್ವಲ್ಪ ದೊಡ್ಡದು, ಎಸ್‌ಡಿ ಕಾರ್ಡಿಗೆ ವೇವ್ ಫೈಲ್ ತುಂಬಬಹುದು. ಕಿಕ್ಕು ಸ್ನೇರಿಗೆ ಅಷ್ಟು ಸಾಲದು ಅನ್ನೋರು ನಿಜವಾಗಿ ಹನ್ನೆರಡು ಡ್ರಮ್ ಇಟ್ಟುಕೊಂಡೋರು ಇರಬೇಕು. ಅಂಥೋರಿಗೆ ಟಿಎಂ-6 ಪ್ರೋ ಇದೆ, ಶುಭವಾಗಲಿ. ವರ್ಷಕ್ಕೆ ಎರಡು ಶೋ ಮಾಡೋ ಬ್ಯಾಂಡು ಇದನ್ನ ಕೊಳ್ಳೋದಕ್ಕಿಂತ ಬಾಡಿಗೆಗೆ ತರೋದು ವಾಸಿ.

ಮೆಟಲ್ ಗೆಳೆಯರು ಹೇಳೋದು ನನಗೆ ಗೊತ್ತು: "ನಮಗೆ ಎಲ್ಲಾ ಪೆಟ್ಟೂ ಒಂದೇ ಸಮ ಬೇಕು, ಅದೇ ನಮ್ಮ ಶೈಲಿ." ಕಿಕ್ ಮಟ್ಟಿಗೆ ಒಪ್ಪಿದೆ. ಆ ವೇಗದಲ್ಲಿ ಎಡಗಾಲು ಬಲಗಾಲಿನಷ್ಟು ಜೋರಾಗಿ ಬೀಳೋದು ಕಷ್ಟ, ಸಮ ಮಾಡಿಕೊಳ್ಳಿ. ಆದರೆ ಸಮ ಮಾಡೋಕೂ ಮೊದಲು ಎಲ್ಲಾ ಪೆಟ್ಟೂ ಸಿಕ್ಕಿರಬೇಕಲ್ಲ? ಕಚ್ಚಾ ಟ್ರ್ಯಾಕಿನಿಂದ ಸಮ ಮಾಡೋಕೆ ಬರುತ್ತೆ. ಸಮ ಆಗಿದ್ದರಿಂದ ಕಚ್ಚಾ ವಾಪಸ್ ತರೋಕೆ ಬರೋದಿಲ್ಲ. ಸ್ನೇರ್ ವಿಷಯದಲ್ಲಿ ಮೆಟಲ್ ಆದರೂ ನಾನು ಒಪ್ಪಲ್ಲ, ಬೆರೆಸಿ, ಬದಲಿಸಬೇಡಿ.

ಇನ್ನೊಂದು ವಾದ, ಟೈಮಿಲ್ಲ ಅನ್ನೋದು. ಮಾಡ್ಯೂಲಾದರೆ ಅಲ್ಲೇ ಮುಗೀತು, ಇದಾದರೆ ಮನೆಗೆ ಬಂದು ಕೂರಬೇಕು ಅಂತ. ಹೌದು, ಕೂರಬೇಕು. ಹಾಡಿಗೆ ಒಂದು ಸಂಜೆ ಹಿಡಿಯುತ್ತೆ. ಗಿಟಾರಿನ ಒಂದು ಸೋಲೋಗೆ ಇಪ್ಪತ್ತೇಳು ಟೇಕ್ ತಗೊಳ್ಳೋಕೆ, ಅದರಲ್ಲಿ ಯಾವುದು ಚೆಂದ ಅಂತ ನಾಲ್ಕು ರಾತ್ರಿ ವಾಟ್ಸಾಪಿನಲ್ಲಿ ಚರ್ಚೆ ಮಾಡೋಕೆ ಟೈಮಿದೆಯಲ್ಲ?

ಕೊನೆಯದು, "ಡ್ರಮ್ಮರೇ ಒಪ್ಪಿದಾನೆ, ನಿಂದೇನು?" ಅನ್ನೋದು. ನಾನು ಹೇಳಿದ ಆ ಹುಡುಗನೂ ಒಪ್ಪಿದ. ಡಬ್ಬಿ ಅವರದು, ಸ್ಟುಡಿಯೋ ಬಾಡಿಗೆ ಕೊಟ್ಟೋರು ಅವರು, ಮೂವರಿಗೂ ಸದ್ದು ಹಿಡಿಸಿದೆ. ಗಂಟೆ ಲೆಕ್ಕದಲ್ಲಿ ದುಡಿಯೋನು ಅಲ್ಲಿ ನಿಂತು ಏನಂತ ಜಗಳ ಆಡ್ತಾನೆ? "ಪರವಾಗಿಲ್ಲ ಬಿಡಿ" ಅಂದ, ಬೈಕ್ ಹತ್ತಿ ಪಾಠಕ್ಕೆ ಹೋದ. ಆ ಮೂರು ಹಾಡಿನ ಲಿಂಕನ್ನ ಅವನು ಯಾರಿಗೂ ಕಳಿಸಲಿಲ್ಲ. ಅವನ ಕೈ ಇರೋ ಬೇರೆ ಫೈಲೇ ಇರಲಿಲ್ಲವಾದ್ದರಿಂದ, ಸೆಷನ್ನಿಗೆ ಕೇಳಿದವರಿಗೆ ಫೋನಿನಲ್ಲಿ ತೆಗೆದ ಪ್ರ್ಯಾಕ್ಟೀಸ್ ವಿಡಿಯೋ ಕಳಿಸಿದ.

ಹಾಗಾಗಿ ಒಪ್ಪಿಗೆ ಕೇಳೋ ರೀತಿ ಬೇರೆ ಇರಲಿ. ಮಿಕ್ಸ್ ಮುಗಿಸೋ ಮುಂಚೆ ಅವನನ್ನ ಒಬ್ಬನನ್ನೇ ಕರೆಸಿ, ಟೀ ಕೊಟ್ಟು ಕೂರಿಸಿ. ಉಳಿದೆಲ್ಲ ಮ್ಯೂಟ್ ಮಾಡಿ ಸ್ನೇರ್ ಒಂದನ್ನೇ ಹಾಕಿ, ಮೊದಲು ಮೈಕಿನದ್ದು, ಆಮೇಲೆ ಬದಲಿಸಿದ್ದು, ಆಮೇಲೆ ಎರಡೂ ಸೇರಿದ್ದು. ಮೌಸ್ ಅವನ ಕೈಗೆ ಕೊಡಿ. ಅವನು ಇಲ್ಲಿ ಬೇಡ ಅಂದ ಕಡೆ ಸ್ಯಾಂಪಲ್ ತೆಗೀರಿ. ಆಮೇಲೆ ಮೂರೂ ಟ್ರ್ಯಾಕನ್ನ, ಟಿಕ್ ಟಿಕ್ ಅನ್ನೋದನ್ನೂ ಸೇರಿಸಿ, ಅವನ ಪೆನ್‌ಡ್ರೈವಿಗೆ ಹಾಕಿ ಕಳಿಸಿ.